ಬುಟ್ಟಿಗೆ ಹಾಕಿ

ಪರದೆಯಲ್ಲಿದ್ದ ಗುಂಡಿಯ ಮೇಲಿದ್ದದ್ದು ಎರಡೇ ಪದ. ಓದಿದ ಕೂಡಲೇ ಅತ್ತಿಗೆ ಮೌಸಿನ ಮೇಲಿಂದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು, ಬಿಸಿ ಪಾತ್ರೆ ಮುಟ್ಟಿದವಳ ಹಾಗೆ.

'ಬುಟ್ಟಿಗೆ ಹಾಕಿ.'

“ಏನಾದ್ರೂ ಹೊಳೀತಾ ಮೇಡಂ?” ಹೊರಡಲು ಬಾಗಿಲ ಹತ್ತಿರ ಹೋಗಿದ್ದ ಇನ್ಸ್‌ಪೆಕ್ಟರ್ ತಿರುಗಿ ನಿಂತು ಕೇಳಿದರು.

“ಇಲ್ಲ ಸರ್. ಕಣ್ಣು ಉರೀತಾ ಇದೆ, ಅಷ್ಟೆ.”

ಅವಳು ಪೊಲೀಸರಿಗೆ ಹೇಳಿದ ಮೊದಲ ಸುಳ್ಳು ಅದು. ಹೊಳೆದದ್ದು ತನಗೇ ಖಚಿತವಾಗುವ ಮೊದಲು ಅವರ ಮುಂದೆ ಬಾಯಿಬಿಡಲು ಧೈರ್ಯವಾಗಲಿಲ್ಲ.

“ನೋಡಿ, ಬೇಜಾರು ಮಾಡ್ಕೋಬೇಡಿ,” ಎಂದರು ಇನ್ಸ್‌ಪೆಕ್ಟರ್. “ಈ ಕಳ್ಳ ಅಂಗಡೀಲಿರೋ ಮಾತೆಲ್ಲ ನಿಮ್ಮ ನಾದಿನೀದೇ ಅಂತ ನೀವೇ ಒಪ್ಕೊಂಡಿದೀರಿ. ಅವಳು ಕಾಣೆಯಾಗಿಲ್ಲ ಮೇಡಂ, ಓಡಿಹೋಗಿದಾಳೆ. ಸಂಜೆಯೊಳಗೆ ಈ ಅಂಗಡಿ ಮುಚ್ಚಿಸ್ತೀವಿ. ಅವಳ ಫೋಟೋ ಟಿವೀಲಿ ಬರುತ್ತೆ. ಆಮೇಲೆ ಎಲ್ಲಿ ಅಡಗಿದ್ರೂ ಸಿಗ್ತಾಳೆ.”

ಬೂಟಿನ ಸದ್ದು ಮೆಟ್ಟಿಲಿಳಿದು ಹೋಯಿತು. ವಾರದ ರಜೆ. ಕೆಳಗೆ ಅಂಗಡಿಗೆ ಬೀಗ, ಮೇಲೆ ಆಫೀಸಿನಲ್ಲಿ ನರಪಿಳ್ಳೆಯಿಲ್ಲ. ಅರ್ಧ ತೆರೆದ ಪೆಟ್ಟಿಗೆಗಳು, ಹೊಸ ಪ್ಲಾಸ್ಟಿಕ್ಕಿನ ವಾಸನೆ, ಫೋಟೋ ತೆಗೆಯಲು ಗೋಡೆಗೆ ಕಟ್ಟಿದ ಬಿಳಿ ಬಟ್ಟೆ, ಅದರ ಮುಂದೆ ಮಾರಾಟಕ್ಕೆ ಸಿಂಗರಿಸಿಕೊಂಡು ಕೂತ ಒಂದು ಮಿಕ್ಸರು. ಅತ್ತಿಗೆ ಆ ಮಿಕ್ಸರಿಗೂ ಹೆದರುವ ಸ್ಥಿತಿಯಲ್ಲಿದ್ದಳು.

ಅವಳನ್ನು ಇಲ್ಲಿ ಎಲ್ಲರೂ ಅತ್ತಿಗೆ ಎಂದೇ ಕರೆಯುವುದು. ನಾದಿನಿ ಪುಟ್ಟಿ ದಿನಕ್ಕೆ ನೂರು ಸಲ ಕರೆದೂ ಕರೆದೂ ಇಡೀ ಆಫೀಸಿಗೆ ಅವಳು ಅತ್ತಿಗೆಯಾಗಿಬಿಟ್ಟಿದ್ದಳು. ಬಿಳಿಗಡ್ಡದ ಅಂಗಡಿ ಯಜಮಾನರಿಗೂ.

ಹೋದ ವಾರ ಆ ಪುಟ್ಟಿ ಕಾಣೆಯಾದಳು. ಅದರ ಬೆನ್ನಲ್ಲೇ ಅವರ ಅಂಗಡಿಯ ವೆಬ್‌ಸೈಟಿನ ಅವಳಿಯಂಥ ಇನ್ನೊಂದು ಅಂಗಡಿ ಇಂಟರ್ನೆಟ್ಟಿನಲ್ಲಿ ಎದ್ದು, ನಂಬಿ ದುಡ್ಡು ಕಟ್ಟಿದವರಿಗೆ ಖಾಲಿ ಪೆಟ್ಟಿಗೆ ಕಳಿಸತೊಡಗಿತು.

ಅವಳಿ ಅಂದರೆ ಅವಳಿಯೇ. ಅದೇ ಬಣ್ಣ, ಅದೇ ದೊಡ್ಡ ಅಕ್ಷರ. ಗಾತ್ರ ತಿಳಿಯಲೆಂದು ಪ್ರತಿ ವಸ್ತುವಿನ ಪಕ್ಕ ಇಟ್ಟ ಅದೇ ಅಂಗೈ. ಆ ಅಂಗೈ ಪುಟ್ಟಿಯದು. ಎಲ್ಲವೂ ಹೊಂದುತ್ತಿತ್ತು, ಈ ಗುಂಡಿಯೊಂದನ್ನು ಬಿಟ್ಟು.

ಅವರ ನಿಜವಾದ ಅಂಗಡಿಯಲ್ಲಿ ಅಲ್ಲಿರುವುದು 'ಚೀಲಕ್ಕೆ ಹಾಕಿ' ಎಂದು.

ಆ ಒಂದು ಪದಕ್ಕಾಗಿ ಅತ್ತಿಗೆ–ನಾದಿನಿ ಇಡೀ ಮಧ್ಯಾಹ್ನ ಕಿತ್ತಾಡಿದ್ದರು. ಅತ್ತಿಗೆ ಪುಟದ ಚಿತ್ರ ಬರೆಯುವವಳು, ಪುಟ್ಟಿ ಮಾತು ಬರೆಯುವವಳು. ಬುಟ್ಟಿಯ ಚಿತ್ರ ಮುದ್ದಾಗಿ ಬಂದಿದೆ, 'ಬುಟ್ಟಿಗೆ ಹಾಕಿ' ಅಂತಲೇ ಇರಲಿ ಎಂದು ಅತ್ತಿಗೆಯ ಹಟ.

“ಅಯ್ಯೋ ಅತ್ತಿಗೆ! ಬುಟ್ಟಿಗೆ ಹಾಕ್ಕೊಳ್ಳೋದು ಅಂದ್ರೇನು ಅಂತ ಗೊತ್ತಿಲ್ವಾ ನಿಮಗೆ? ಸಿಹಿ ಮಾತಾಡಿ ಬಲೆಗೆ ಕೆಡವೋದು. ಗಿರಾಕಿ ಏನಂದ್ಕೋತಾರೆ? ಇವರು ನಮ್ಮನ್ನ ಬುಟ್ಟಿಗೆ ಹಾಕ್ಕೊಳ್ಳೋಕೇ ಕೂತಿದಾರೆ ಅಂತ ಓಡಿಹೋಗ್ತಾರೆ!”

“ಪುಟ್ಟಿಗೆ ಬುಟ್ಟಿ ಕಂಡ್ರೆ ಯಾಕಪ್ಪಾ ಇಷ್ಟು ಕೋಪ?” ಎಂದು ಯಾರೋ ರೇಗಿಸಿದ್ದರು. ನಕ್ಕೂ ನಕ್ಕೂ ಎಲ್ಲರಿಗೂ ಹೊಟ್ಟೆನೋವು. ಕೊನೆಗೆ ಚೀಲವೇ ಗೆದ್ದಿತು. ಪುಟ್ಟಿ ಸತ್ತರೂ ಆ ಪದ ಬರೆಯುವವಳಲ್ಲ.

ಸತ್ತರೂ. ಆ ಮಾತು ಮನಸ್ಸಿಗೆ ಬಂದದ್ದಕ್ಕೇ ಅತ್ತಿಗೆ ತನ್ನ ಬಾಯಿ ಮುಚ್ಚಿಕೊಂಡಳು.

ಬರೆಯದವಳು ಈಗ ಬರೆದಿದ್ದಾಳೆ. ಸಾವಿರಾರು ಜನ ದಿನವೂ ಒತ್ತುವ ಗುಂಡಿಯ ಮೇಲೆ, ಒಬ್ಬಳಿಗೆ ಮಾತ್ರ ಅರ್ಥವಾಗುವ ಹಾಗೆ ಬರೆದಿದ್ದಾಳೆ. ನನ್ನನ್ನು ಬುಟ್ಟಿಗೆ ಹಾಕಿಕೊಂಡಿದ್ದಾರೆ ಅತ್ತಿಗೆ.

ಪುಟ್ಟಿ ಕಳ್ಳಿಯಲ್ಲ ಎಂದು ಖುಷಿಪಡಲೂ ಅತ್ತಿಗೆಗೆ ಧೈರ್ಯ ಬರಲಿಲ್ಲ. ಸಂಜೆ ಪೊಲೀಸರು ಆ ಅಂಗಡಿ ಮುಚ್ಚಿಸುತ್ತಾರೆ. ಅಂಗಡಿಯೇ ಇಲ್ಲವಾದ ಮೇಲೆ ಅದರ ಮಾತು ಬರೆಯುವವಳಿಂದ ಕೂಡಿಹಾಕಿದವರಿಗೆ ಏನು ಉಪಯೋಗ? ಉಳಿಯುವುದು ಅವರ ಮುಖ ನೋಡಿದ ಒಬ್ಬ ಹುಡುಗಿ. ಅಂಥವಳನ್ನು ಅವರು ಏನು ಮಾಡಿಯಾರು?

ಮುಂದಿನದನ್ನು ಯೋಚಿಸುವ ಬದಲು ಅವಳು ಓದತೊಡಗಿದಳು. ಬೇರೆ ಇನ್ನೇನು ಬರೆದಿದ್ದಾಳೆ?

ಅವರ ನಿಜವಾದ ಅಂಗಡಿಗೆ ಒಂದು ಹುಚ್ಚು ನಿಯಮವಿತ್ತು. ಪ್ರತಿ ವಸ್ತುವಿನ ಕೆಳಗೆ 'ಯಾರಿಗೆ ಬೇಡ' ಎಂಬ ಒಂದು ಸಾಲು ಇರಲೇಬೇಕು. “ತಮ್ಮ ಸಾಮಾನು ಬೇಡ ಅಂತ ತಾವೇ ಹೇಳೋ ಅಂಗಡಿ ಎಲ್ಲಾದ್ರೂ ಉಂಟೇನಮ್ಮ?” ಎಂದು ಯಜಮಾನರು ಮೊದಲು ತಲೆ ಮೇಲೆ ಕೈ ಹೊತ್ತಿದ್ದರು. ಆಮೇಲೆ ಸಾಮಾನು ವಾಪಸ್ಸು ಬರುವುದು ಕಡಿಮೆಯಾದಾಗ ತೆಪ್ಪಗಾದರು. ಗಿರಾಕಿಯನ್ನು ಅವಸರಪಡಿಸಬಾರದು ಎಂಬುದು ಇನ್ನೊಂದು ನಿಯಮ. 'ಎರಡೇ ಉಳಿದಿವೆ, ಬೇಗ ಕೊಳ್ಳಿ' ಎಂಬ ಬೆದರಿಕೆ ಎಲ್ಲೂ ಕೂಡದು. 'ಬೇಗ' ಎಂಬ ಪದವನ್ನೇ ಪುಟ್ಟಿ ಅಂಗಡಿಯಿಂದ ಹೊರಗೆ ಹಾಕಿದ್ದಳು.

ಕಳ್ಳ ಅಂಗಡಿಯ ಎಮರ್ಜೆನ್ಸಿ ದೀಪದ ಕೆಳಗೆ ಹೀಗಿತ್ತು: 'ಯಾರಿಗೆ ಬೇಡ: ಕಿಟಕಿಯೇ ಇಲ್ಲದ ಕೋಣೆಯವರಿಗೆ. ಅವರಿಗೆ ಇದೊಂದು ಸಾಲದು.'

ಅತ್ತಿಗೆ ಮುಂದಿನದಕ್ಕೆ ಹೋದಳು. ಇಸ್ತ್ರಿಪೆಟ್ಟಿಗೆಯಲ್ಲಿ ಏನಿಲ್ಲ. ಹೇರ್ ಡ್ರೈಯರಿನಲ್ಲಿ ಏನಿಲ್ಲ. ಸ್ಪೀಕರಿನ ಕೆಳಗೆ ಇತ್ತು.

'ಯಾರಿಗೆ ಬೇಡ: ನೆತ್ತಿಯ ಮೇಲೆ ಅಜ್ಜ ಕೆಮ್ಮುವ ಮನೆಗೆ. ಆ ಕೆಮ್ಮಿನ ಮುಂದೆ ಯಾವ ಹಾಡೂ ಕೇಳಿಸದು.'

ಕೂಡಿಹಾಕಿದವರು ಓದಿದ್ದರೂ ತಮಾಷೆಯ ಸಾಲೆಂದು ಬಿಟ್ಟಿದ್ದಾರು. ಪುಟ್ಟಿ ಬರೆಯುವುದೇ ಹಾಗಲ್ಲವೇ. ಆದರೆ ಅಜ್ಜ ಯಾರೆಂದು ಈ ಆಫೀಸಿನವರಿಗೆ ಮಾತ್ರ ಗೊತ್ತು.

ಅಜ್ಜ ಅಂದರೆ ಲಿಫ್ಟು. ಈ ಕಟ್ಟಡದ ಮುದಿ ಲಿಫ್ಟು. ಮಹಡಿ ಮಹಡಿಗೂ ಗಂಟಲು ಕಟ್ಟಿದವರ ಹಾಗೆ ಗೊರಗೊರ ಕೆಮ್ಮಿ, ಒಂದು ಕ್ಷಣ ನಿಂತು, ದೊಡ್ಡ ಮನಸ್ಸು ಮಾಡಿ ಮುಂದೆ ಹೋಗುತ್ತದೆ. ಅದಕ್ಕೆ ಆ ಹೆಸರಿಟ್ಟವಳೂ ಪುಟ್ಟಿಯೇ.

ನೆತ್ತಿಯ ಮೇಲೆ ಲಿಫ್ಟು. ಹಾಗಾದರೆ ಪುಟ್ಟಿ ಇರುವುದು ಲಿಫ್ಟಿನ ಕೆಳಗೆ. ಬೇರೆ ಊರಲ್ಲಲ್ಲ, ಬೇರೆ ಬೀದಿಯಲ್ಲೂ ಅಲ್ಲ. ತಾನು ಕೂತ ಕುರ್ಚಿಯ ಕೆಳಗೆ, ಅಂಗಡಿಯ ಕೆಳಗೆ, ನೆಲಮಾಳಿಗೆಯ ಗೋದಾಮಿನ ಹಿಂದೆ. ಅಲ್ಲೊಂದು ಹಳೆಯ ರಿಪೇರಿ ಕೋಣೆ ಇರುವುದು ಅವಳಿಗೆ ನೆನಪಾಯಿತು. ಕೆಟ್ಟ ರೇಡಿಯೋಗಳನ್ನು ತುಂಬಿ, ಯಜಮಾನರ ಅಪ್ಪನ ಕಾಲದಲ್ಲೇ ಮುಚ್ಚಿದ್ದು.

ಅತ್ತಿಗೆ ಕಾಲನ್ನು ನೆಲದಿಂದ ಮೇಲೆತ್ತಿ ಕುರ್ಚಿಯಲ್ಲಿ ಮುದುಡಿಕೊಂಡಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ.

“ಅತ್ತಿಗೆ.”

ಅವಳು ಕಿರುಚಿದಳು.

ಬಾಗಿಲಲ್ಲಿ ನಿಂತಿದ್ದವನು ಮೌನಿ. ಅಂಗಡಿಗೆ ಕೋಡ್ ಬರೆಯುವವನು. ಮಾತಿಗೆ ತೆರಿಗೆ ಕಟ್ಟಬೇಕೇನೋ ಎಂಬಂತೆ ಬದುಕುವ ಹುಡುಗ. ಅವನ ಬಾಯಿಂದ ಮೂರು ವಾಕ್ಯ ಬಂದರೆ ಆಫೀಸಿನಲ್ಲಿ ಹಬ್ಬ. ಪುಟ್ಟಿ ಕಾಣೆಯಾದಾಗಿನಿಂದ ಅವನು ಅತ್ತಿಗೆಯ ಮುಖವನ್ನೇ ನೋಡುತ್ತಿರಲಿಲ್ಲ.

“ರಜಾ ದಿನ ಇಲ್ಲೇನೋ ಕೆಲಸ ನಿನಗೆ?”

“ನಿಮಗೇನು ಕೆಲಸ?”

ಅಬ್ಬಾ, ಎದುರುತ್ತರ! ಅತ್ತಿಗೆ ಎದ್ದು ನಿಂತಳು. ಕಳ್ಳ ಅಂಗಡಿಯ ಪುಟವನ್ನು ಅವನ ಕಡೆ ತಿರುಗಿಸಿದಳು.

“ಇದೇನು ಹೇಳು. 'ಜೋಡಿ ಹುಡುಕಿ.' ಮನೇಲಿ ಯಾವ ಟಿವಿ ಇದೆ ಅಂತ ಹೇಳಿದ್ರೆ ಅದಕ್ಕೆ ಕೂರೋ ವೈರು ತೋರಿಸುತ್ತೆ. ನಮ್ಮ ಅಂಗಡೀಲಿ ಇದನ್ನ ಇನ್ನೂ ಬಿಟ್ಟೇ ಇಲ್ಲ. ನೀನು ಬರೀತಾ ಇರೋದು. ಅದು ಅಲ್ಲಿಗೆ ಹೇಗೆ ಹೋಯ್ತು?”

ಮೌನಿ ಪರದೆಯಿಂದ ಮುಖ ತಿರುಗಿಸಿದ.

“ಬಾಯಿಗೆ ಬೀಗ ಹಾಕ್ಕೊಂಡ್ರೆ ಆಗಲ್ಲಪ್ಪ ಇವತ್ತು! ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ ಒಂದು ವಾರದಿಂದ ನನ್ನ ಕಂಡ್ರೆ ಓಡ್ತಾ ಇದೀಯ. ಎಲ್ಲಿ ಅವಳು? ಏನು ಮಾಡಿದೆ ಅವಳನ್ನ?”

“ನಾನು ಕೇಳ್ಬೇಕು ಅದನ್ನ!” ಮೌನಿಯ ದನಿ ಒಡೆಯಿತು. ಅವನ ಕಣ್ಣಲ್ಲಿ ನೀರು ಕಂಡು ಅತ್ತಿಗೆ ಒಂದು ಹೆಜ್ಜೆ ಹಿಂದೆ ಸರಿದಳು. “ಅದನ್ನ ಕದ್ದಿರೋದು ನಿಮ್ಮ ಪಾಸ್‌ವರ್ಡ್ ಹಾಕಿ. ಪುಟ್ಟಿ ಕಾಣೆಯಾದ ಮಾರನೇ ದಿನ. ನಾನು ಪೊಲೀಸ್ರಿಗೆ ಹೇಳ್ಲಿಲ್ಲ. ಯಾಕೆ ಅಂದ್ರೆ... ಅವಳು ನಿಮ್ಮ ಬಗ್ಗೆ ಎಷ್ಟು ಒಳ್ಳೇದು ಹೇಳೋಳು ಗೊತ್ತಾ? ಆದ್ರೂ ನಿಮ್ಮ ಮುಖ ನೋಡೋಕೆ ಭಯ ಆಗೋದು ನನಗೆ.”

ಮೌನಿಯ ಬಾಯಿಂದ ಇಷ್ಟು ಮಾತು ಬಂದದ್ದು ಇದೇ ಮೊದಲು. ಅತ್ತಿಗೆ ಕುರ್ಚಿಯಲ್ಲಿ ಕುಸಿದಳು. ತಾನು ಹೆದರುತ್ತಿದ್ದ ಹುಡುಗ ತನಗೇ ಹೆದರಿಕೊಂಡು ವಾರ ಕಳೆದಿದ್ದಾನೆ.

“ನನ್ನ ಪಾಸ್‌ವರ್ಡ್ ಪುಟ್ಟಿಗೆ ಗೊತ್ತಿತ್ತು,” ಎಂದಳು. “ಹೊಡೆದೋ ಬೆದರಿಸಿಯೋ ಬಾಯಿ ಬಿಡಿಸಿದಾರೆ.”

“ಪುಟ್ಟಿಗೊಬ್ಬಳಿಗೇನಾ ಗೊತ್ತಿರೋದು?”

“ಇನ್ಯಾರಿಗೆ ಗೊತ್ತಿರುತ್ತೋ?”

ಅವಳು ಗುಂಡಿಯನ್ನೂ ಸ್ಪೀಕರಿನ ಸಾಲನ್ನೂ ತೋರಿಸಿದಳು. ಅಜ್ಜ ಎಂಬ ಪದಕ್ಕೆ ಬಂದಾಗ ಮೌನಿಯ ಮುಖ ಬಿಳಿಚಿತು. ಇಬ್ಬರೂ ಒಟ್ಟಿಗೆ ನೆಲದ ಕಡೆ ನೋಡಿದರು.

“ಅವಳು ಬದುಕಿದಾಳಾ ಅತ್ತಿಗೆ? ಇದನ್ನ ಯಾವಾಗ ಬರೆದಿದ್ದೋ ಏನೋ.”

ತಿಳಿಯಲು ಅತ್ತಿಗೆಗೆ ಒಂದೇ ದಾರಿ ಕಂಡಿತು. ಪುಟದ ಮೂಲೆಯಲ್ಲಿ 'ಅಂಗಡಿಯವರನ್ನು ಕೇಳಿ' ಎಂಬ ಚೌಕವಿತ್ತು. ಯಂತ್ರದ ಉತ್ತರ ಬೇಡ, ಮನುಷ್ಯರೇ ಮಾತಾಡಲಿ ಎಂದು ಅತ್ತಿಗೆಯೇ ಹಟ ಹಿಡಿದು ಮಾಡಿಸಿದ ಚೌಕ; ಅಲ್ಲಿ ಗಿರಾಕಿಗಳಿಗೆ ಉತ್ತರ ಬರೆಯುತ್ತಿದ್ದವಳು ಪುಟ್ಟಿ. ಕಳ್ಳರು ಅದನ್ನೂ ಹಾಗೇ ಇಟ್ಟುಕೊಂಡಿದ್ದರು. ಜನ ನಂಬಿ ದುಡ್ಡು ಕಟ್ಟುತ್ತಿದ್ದದ್ದೇ ಪುಟ್ಟಿಯ ಆ ಮಾತಿನ ಮೇಲೆ. ಅವಳನ್ನು ಜೀವಂತ ಇಟ್ಟುಕೊಂಡದ್ದೂ ಅದಕ್ಕೇ ಇರಬೇಕು.

“ಬರೆಯೋದನ್ನ ಅವರೂ ನೋಡಬಹುದು,” ಎಂದ ಮೌನಿ.

“ಗೊತ್ತು. ಗಿರಾಕಿ ಹಾಗೇ ಕೇಳ್ತೀನಿ.”

ಅವಳು ಬರೆದಳು: 'ಸ್ಪೀಕರ್ ಬೇಕಿತ್ತು. ನಮ್ಮ ಮನೆಯಲ್ಲೂ ಅಜ್ಜ ಇದ್ದಾರೆ. ನಿಮ್ಮ ಅಜ್ಜನಿಗೆ ಈಗ ಹೇಗಿದೆ?'

ಒತ್ತಿದಳು. ಇಬ್ಬರೂ ಪರದೆ ನೋಡಿದರು.

ಆಗ ಹೊರಗೆ, ಪಡಸಾಲೆಯ ಕೊನೆಯಲ್ಲಿ, ಲಿಫ್ಟು ಗೊರಗೊರ ಎಂದಿತು.

ಅತ್ತಿಗೆ ಮೌನಿಯ ತೋಳು ಹಿಡಿದಳು. ಕಟ್ಟಡದಲ್ಲಿ ಬೇರೆ ಯಾರೂ ಇಲ್ಲ. ಗೇಟಿನ ಕಾವಲುಗಾರನಂತೂ ಆ ಲಿಫ್ಟು ಹತ್ತುವವನಲ್ಲ, ಅದಕ್ಕಿಂತ ತನ್ನ ಮಂಡಿಯೇ ಗಟ್ಟಿ ಎನ್ನುವವನು. ಮೌನಿ ತುದಿಗಾಲಲ್ಲಿ ಹೋಗಿ ಬಾಗಿಲ ಸಂದಿಯಿಂದ ನೋಡಿ ಬಂದ.

“ಖಾಲಿ ಇದೆ. ಕೆಳಗಡೆ ಹೋಗ್ತಿದೆ. ಯಾರೋ ಕೆಳಗಿಂದ ಕರೆಸ್ಕೊಂಡಿದಾರೆ.”

ಪರದೆಯ ಮೇಲೆ ಉತ್ತರ ಮೂಡಿತು.

'ನಮಸ್ಕಾರ. ವಿಚಾರಿಸಿದ್ದಕ್ಕೆ ವಂದನೆ. ಅಜ್ಜ ಈಗಷ್ಟೇ ಕೆಮ್ಮಿದರು. ಇಂಥ ಮನೆಗೆ ದೊಡ್ಡ ಸ್ಪೀಕರೇ ಬೇಕು. ಬೇಗ ತೀರ್ಮಾನ ಮಾಡಿ.'

ಬದುಕಿದ್ದಾಳೆ! ಅತ್ತಿಗೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಮರುಕ್ಷಣ ಆ ಪದ ಕಣ್ಣಿಗೆ ಬಿತ್ತು. ಬೇಗ. ಗಿರಾಕಿಗೆ ಎಂದೂ ಬೇಗ ಎನ್ನದ ಪುಟ್ಟಿ ಬೇಗ ಎಂದಿದ್ದಾಳೆ. ಅಳು ಅಲ್ಲಿಗೇ ನಿಂತುಹೋಯಿತು.

“ಇನ್ಸ್‌ಪೆಕ್ಟರ್‌ಗೆ ಫೋನ್ ಮಾಡ್ತೀನಿ,” ಎಂದ ಮೌನಿ.

“ತಡಿ. ಮೊದಲು ನಮ್ಮ ಮನೆಯವರಿಗೆ ಹೇಳ್ತೀನಿ.”

ಹೆದರಿದ ಜೀವಕ್ಕೆ ಮೊದಲು ನೆನಪಾಗುವುದು ಮನೆ. ಅವಳ ಗಂಡ ಪುಟ್ಟಿಯ ಒಡಹುಟ್ಟಿದ ಅಣ್ಣ. ಅಪ್ಪ ಹೋದ ಮೇಲೆ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವನು. ಈ ವಾರವಿಡೀ ಊಟ ನಿದ್ದೆ ಬಿಟ್ಟು ಅವಳ ಫೋಟೋ ಹಿಡಿದು ಬೀದಿ ಬೀದಿ ತಿರುಗಿದವನು. ಅಂಗಡಿಯ ಸಾಮಾನನ್ನು ಮನೆ ಮನೆಗೆ ತಲುಪಿಸುವ ವ್ಯಾನುಗಳೂ ಅವನವೇ.

“ರೀ, ಪುಟ್ಟಿ ಸಿಕ್ಕಿದಾಳೆ ರೀ! ಬದುಕಿದಾಳೆ! ಇಲ್ಲೇ, ನಮ್ಮ ಗೋದಾಮಿನ ಹಿಂದಿನ ಕೋಣೇಲಿ ಕೂಡಿಹಾಕಿದಾರೆ.”

ಫೋನು ಕಟ್ಟಾಯಿತೇನೋ ಎಂದು ಅವಳು ಕಿವಿಯಿಂದ ತೆಗೆದು ನೋಡಿಕೊಂಡಳು.

“ಯಾರ್ಯಾರಿಗೆ ಹೇಳಿದೀಯ?” ಎಂದ ಅವನು ಕೊನೆಗೆ.

“ಯಾರಿಗೂ ಇಲ್ಲ. ಮೌನಿ ಇದಾನೆ ಇಲ್ಲಿ, ಅಷ್ಟೆ. ಪೊಲೀಸ್ರಿಗೆ...”

“ಬೇಡ. ಪೊಲೀಸ್ರು ಬಂದು ಬಾಗಿಲು ಒಡೀತಾರೆ, ಒಳಗಿರೋರು ಅವಳಿಗೆ ಏನಾದ್ರೂ ಮಾಡಿಬಿಟ್ರೆ? ಗೋದಾಮಿನ ಬೀಗದ ಕೈ ನನ್ನ ಹತ್ರ ಇದೆ. ನಾನು ಪಕ್ಕದ ರಸ್ತೇಲೇ ಇದೀನಿ. ನೀನು ಅಲ್ಲೇ ಇರು, ಬಂದೆ.”

ಸರಿಯಾದ ಮಾತು. ಅವನು ಯಾವಾಗಲೂ ಹಾಗೇ, ಎಲ್ಲರೂ ಕೂಗಾಡುವಾಗ ತಣ್ಣಗೆ ಯೋಚಿಸುವವನು. ಆದರೂ ಮೌನಿಯ ಮುಖದಲ್ಲಿ ಸಮಾಧಾನ ಕಾಣಲಿಲ್ಲ.

ಕಾಯುವುದು ಆಗಲಿಲ್ಲ ಅವಳ ಕೈಲಿ. ಕೆಳಗೆ ಎಷ್ಟು ಜನ ಇದ್ದಾರೆ, ಯಾರು ಇದ್ದಾರೆ ಎಂದು ತಿಳಿಯದೆ ಗಂಡನನ್ನು ಹುಲಿಯ ಬಾಯಿಗೆ ಕಳಿಸುವುದು ಹೇಗೆ? ಅವಳು ತನ್ನ ಫೋನಿನಲ್ಲೇ ಕಳ್ಳ ಅಂಗಡಿಯನ್ನು ತೆರೆದು ಚೌಕದಲ್ಲಿ ಮತ್ತೆ ಬರೆದಳು: 'ಸ್ಪೀಕರ್ ತೆಗೆದುಕೊಳ್ಳುತ್ತೇವೆ. ಯಾರು ತಂದುಕೊಡುತ್ತಾರೆ?' ಬೀಗ ತೆಗೆದು ಊಟ ತಂದುಕೊಡುವವರು ಯಾರು ಎಂದು ಕೇಳುತ್ತಿರುವುದು ಪುಟ್ಟಿಗೆ ತಿಳಿಯದೆ ಇರದು.

ಉತ್ತರ ಬರುವ ಮೊದಲೇ ಲಿಫ್ಟು ಮೇಲೆ ಬಂತು. ಬಾಗಿಲು ತೆರೆದು ಗಂಡ ಇಳಿದ. ಶರ್ಟು ಬೆವರಿನಲ್ಲಿ ಒದ್ದೆ. ಅವನನ್ನು ನೋಡಿದ್ದೇ ತಡ, ಅಷ್ಟು ಹೊತ್ತಿನಿಂದ ಹಿಡಿದಿಟ್ಟುಕೊಂಡದ್ದೆಲ್ಲ ಒಡೆದು ಅವಳು ಅವನ ಎದೆಗೆ ಒರಗಿಬಿಟ್ಟಳು.

“ಅಳಬೇಡ ಕಣೆ. ನಾನಿದೀನಲ್ಲ. ಬಾ, ನೀನೂ ಬಾ. ನಿನ್ನ ದನಿ ಕೇಳಿದ್ರೆ ಅವಳು ಗಾಬರಿ ಆಗಲ್ಲ.” ಮೌನಿಯ ಕಡೆ ತಿರುಗಿ ಹೇಳಿದ, “ನೀನು ಇಲ್ಲೇ ಇರಪ್ಪ. ಯಾರಿಗೂ ಫೋನ್ ಮಾಡೋಕೆ ಹೋಗಬೇಡ.”

ಇಬ್ಬರೂ ಹತ್ತಿದರು; ಲಿಫ್ಟಿನ ಬಾಗಿಲು ಎಳೆದುಕೊಂಡಿತು. ಗಂಡ ಅವಳ ಕೈ ಹಿಡಿದುಕೊಂಡಿದ್ದ. ಬೆಚ್ಚಗಿನ, ಪರಿಚಿತ ಕೈ. ಬಾಗಿಲು ಪೂರ್ತಿ ಮುಚ್ಚುವ ಹೊತ್ತಿಗೆ ಅವಳ ಇನ್ನೊಂದು ಕೈಯಲ್ಲಿದ್ದ ಫೋನು ನಡುಗಿತು.

'ತಂದುಕೊಡುವವರು ಹೊರಗಿನವರಲ್ಲ. ನಿಮ್ಮ ಮನೆಯವರೇ.'

ಅತ್ತಿಗೆ ಓದಿದಳು. ಇನ್ನೊಮ್ಮೆ ಓದಿದಳು.

ನಿಮ್ಮ ಮನೆಯವರೇ. ಮದುವೆಯಾದಾಗಿನಿಂದ ಅವಳು ಲೋಕಕ್ಕೆಲ್ಲ ಅವನ ವಿಷಯ ಹೇಳಿದ್ದು ಆ ಒಂದೇ ಮಾತಿನಲ್ಲಿ. ನಮ್ಮ ಮನೆಯವರು ಬರ್ತಾರೆ, ನಮ್ಮ ಮನೆಯವರನ್ನ ಕೇಳಿ ಹೇಳ್ತೀನಿ, ನಮ್ಮ ಮನೆಯವರು ಇದ್ರೆ ನನಗೆ ಭಯ ಇಲ್ಲ. ಪುಟ್ಟಿ ಅದನ್ನು ಅಣಕಿಸಿ ಎಷ್ಟು ಸಲ ನಕ್ಕಿಲ್ಲ.

ಇಲ್ಲ, ಹಾಗಿರಲಾರದು. ವ್ಯಾನು ಇವನದೇ ಅಲ್ಲವೇ, ಸಾಮಾನು ತಂದುಕೊಡುವವನು ಇವನೇ ಅಲ್ಲವೇ, ಗಾಬರಿಯಲ್ಲಿ ಹುಡುಗಿ ಅಷ್ಟನ್ನೇ ಹೇಳಿರಬೇಕು. ಮನೆಯವರು ಅಂದರೆ ಮನೆಯಲ್ಲಿರುವ ಯಾರೂ ಆಗಬಹುದು. ಯಾರು? ಮಂಡಿನೋವಿನ ಅತ್ತೆಯೇ? ಅವಳ ಬುದ್ಧಿ ಸಿಕ್ಕ ಸಿಕ್ಕ ಬಾಗಿಲು ಬಡಿಯಿತು. ಹಿಡಿದ ಕೈ ಮಾತ್ರ ಅವಳಿಗೆ ಅರಿವಿಲ್ಲದೆಯೇ ಬಿಡಿಸಿಕೊಳ್ಳಲು ನೋಡುತ್ತಿತ್ತು.

ಅವನು ಬಿಡಲಿಲ್ಲ.

“ಯಾರದೇ ಅದು ಮೆಸೇಜು?”

“ಯಾರೋ... ಗಿರಾಕಿ ರೀ.”

ಗಂಡ ಅವಳ ಮುಖವನ್ನೇ ನೋಡಿದ. ಆಮೇಲೆ ನಕ್ಕ, ಮನೆಯಲ್ಲಿ ನಗುವ ಹಾಗೆಯೇ, ಮೆಲ್ಲಗೆ. ಅಂಗೈ ಚಾಚಿದ.

“ರಜಾ ದಿನಾನೂ ಬಿಡಲ್ವಾ ನಿನ್ನ ಗಿರಾಕಿಗಳು? ಕೊಡು ಇಲ್ಲಿ. ಇದಕ್ಕೆ ನಾನೇ ಉತ್ತರ ಬರೀತೀನಿ.”